ಮೊದಲು ಗೂಡು, ಆಮೇಲೆ ಕೋಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಎರಡು ಎಕರೆ ಅಡಿಕೆ ತೋಟ, ಹಿಂದೆಯೇ ಕಾಡು. ನಾಟಿ ಕೋಳಿ ಸಾಕಿದ್ದೆವು. ಮರಿಗಳನ್ನು ಹಗಲಲ್ಲೇ ಏನೋ ಒಯ್ಯುತ್ತಿತ್ತು. ಹೋದ ಮಳೆಗಾಲದಲ್ಲಿ ಒಂದೇ ರಾತ್ರಿ ಗೂಡಿನಲ್ಲಿ ಆರು ಕೋಳಿ ಸತ್ತು ಬಿದ್ದಿದ್ದವು, ಕುತ್ತಿಗೆ ಹತ್ತಿರ ಮಾತ್ರ ಗಾಯ. ಈಗ ಉಳಿದಿರುವುದು ಒಂದು ಹೇಟೆ. ಹೊಸದಾಗಿ 50 ಗಿರಿರಾಜ ತಳಿಯ ಕೋಳಿಮರಿ ತರೋಣ ಅಂತಿದ್ದೇನೆ. ಪಕ್ಕದವರು ಉರುಲು ಹಾಕಿ ಅನ್ನುತ್ತಾರೆ. ಏನು ಮಾಡಲಿ ಸರ್?

ಉತ್ತರ: ಮರಿಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದ್ರೆ ಒಳ್ಳೆಯದು. ಗೂಡು ಮುಗಿಯುವ ತನಕ ಒಂದು ಮರಿಯೂ ಬೇಡ.

ನಿಮಗೆ ಕಳ್ಳರು ಇಬ್ಬರಾದರೂ ಇದ್ದಾರೆ. ಹಗಲು ಮರಿ ಒಯ್ಯುವುದು ಗಿಡುಗ ಅಥವಾ ಮುಂಗುಸಿ. ಮುಂಗುಸಿ ಹಗಲಿನ ಪ್ರಾಣಿ, ಹಾಗಾಗಿ ರಾತ್ರಿಯ ಕೆಲಸ ಅದರದ್ದಲ್ಲ, ಹೆಚ್ಚಾಗಿ ಕಾಡುಬೆಕ್ಕು ಇಲ್ಲವೇ ಪುನುಗು ಬೆಕ್ಕಿನದ್ದು. ಆರನ್ನೂ ಕೊಂದು ಬಿಟ್ಟು ಹೋಗಿದ್ದು ನೋಡಿ ನಿಮಗೆ ಸಿಟ್ಟು ಬಂದಿರಬೇಕು. ಆದರೆ ಮುಚ್ಚಿದ ಗೂಡಿನೊಳಗೆ ಹೊಕ್ಕ ಪ್ರಾಣಿ, ಕೋಳಿಗಳು ಗಾಬರಿಯಾಗಿ ರೆಕ್ಕೆ ಬಡಿದಷ್ಟೂ ಕಚ್ಚುತ್ತಲೇ ಹೋಗುತ್ತದೆ, ಹಸಿವಿಗೂ ಅದಕ್ಕೂ ಸಂಬಂಧ ಇಲ್ಲ. ಮೊಟ್ಟೆ ಚಿಪ್ಪಿನ ಚೂರೂ ಇಲ್ಲದೆ ಮಾಯವಾಗುತ್ತಿದ್ದರೆ ಹಾವನ್ನೂ ಲೆಕ್ಕಕ್ಕೆ ತಗೊಳ್ಳಿ. ನಾಗರಹಾವು ಕೋಳಿ ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ.

ಉರುಲು, ವಿಷ ಎರಡೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ಕೇಸ್ ಆಗುತ್ತದೆ. ಅದೂ ಅಲ್ಲದೆ ಒಂದು ಬೆಕ್ಕು ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಹಿಂದೆ ಕಾಡೇ ಇದೆಯಲ್ಲ. ಬದಲಿಗೆ ಅದು ಹೊಕ್ಕ ಸಂದಿ ಹುಡುಕಿ. ಸಂಜೆ ಗೂಡಿನೊಳಗೆ ಒಬ್ಬರು ಟಾರ್ಚ್ ಹಿಡಿದು ನಿಂತುಕೊಳ್ಳಿ, ಇನ್ನೊಬ್ಬರು ಹೊರಗೆ ಸುತ್ತು ಬರಲಿ, ಬೆಳಕು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಸುಣ್ಣದಲ್ಲಿ ಗುರುತು ಮಾಡಲಿ. ಹಂಚು ಮತ್ತು ಗೋಡೆ ನಡುವೆ, ಬಾಗಿಲ ಕೆಳಗೆ, ಮೂಲೆಯಲ್ಲಿ ಇಲಿ ತೋಡಿದ ಬಿಲದ ಹತ್ತಿರ ಸಿಕ್ಕೇ ಸಿಗುತ್ತದೆ.

ಪೇಟೆಯಲ್ಲಿ ಕೋಳಿ ಜಾಲರಿ ಅಂತ ಕೊಡುವ ತೆಳು ಆರುಮೂಲೆ ತಂತಿ ಕೋಳಿಯನ್ನು ಒಳಗಿಡಲು ಸರಿ, ನಾಯಿಯನ್ನು ಹೊರಗಿಡಲು ಸಾಲದು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ತಗೊಳ್ಳಿ. ದುಬಾರಿ, ಹೌದು. ಅದಕ್ಕೇ 50 ಬೇಡ, 20 ಸಾಕು ಅನ್ನುವುದು. 20 ಕೋಳಿ ರಾತ್ರಿ ಮಲಗಲು ಐದಡಿ-ಎಂಟಡಿ ಗೂಡು ಧಾರಾಳ. ಮೆಶ್ಶನ್ನು ನೆಲದ ಹತ್ತಿರ ಹೊರಗಡೆಗೆ ಒಂದೂವರೆ ಅಡಿ ಮಡಚಿ ಹಾಸಿ, ಮೇಲೆ ಮಣ್ಣು-ಕಲ್ಲು ಹಾಕಿ. ತೋಡಲು ಬರುವ ಪ್ರಾಣಿ ಗೋಡೆ ಬುಡದಲ್ಲೇ ಶುರು ಮಾಡುತ್ತದೆ, ಅಲ್ಲಿ ತಂತಿ ಸಿಕ್ಕರೆ ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತದೆ. ಬಾಗಿಲಿಗೆ ಹಗ್ಗ, ಸುತ್ತಿದ ತಂತಿ ಎಲ್ಲ ಬೇಡ. ಗಟ್ಟಿ ಚಿಲಕ ಹಾಕಿಸಿ.

ಇನ್ನು ಮರಿ. ಒಂದು ದಿನದ ಮರಿ ಅಗ್ಗ ಅಂತ ತರಬೇಡಿ. ಮೊದಲ ವಾರ ಅದಕ್ಕೆ 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು, ಮಲೆನಾಡಿನ ಮಳೆ, ಹೋಗಿ ಬರುವ ಕರೆಂಟಿನಲ್ಲಿ ಅದೇ ಒಂದು ಗೋಳು. ಆರರಿಂದ ಎಂಟು ವಾರದ ಮರಿ ತನ್ನಿ, ಮಳೆಗಾಲ ಮುಗಿದ ಮೇಲೆ ತನ್ನಿ. ಕೊಕ್ಕರೆ ರೋಗಕ್ಕೆ (ಕೋಳಿಗಳಲ್ಲಿ ಬೇಗ ಹರಡುವ ರಾಣಿಖೇತ್ ರೋಗ) ಯಾವ ಲಸಿಕೆ ಯಾವಾಗ ಹಾಕಿದ್ದಾರೆ ಅಂತ ಕೇಳಿ ಬರೆಸಿಕೊಳ್ಳಿ. ಎಂಟನೇ ವಾರದ ಲಸಿಕೆ ಬಾಕಿ ಇದ್ದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಉಳಿದ ಆ ಹೇಟೆಯನ್ನು ಎರಡು ಮೂರು ವಾರ ಬೇರೆ ಕಡೆ ಇಡಿ, ಆರೋಗ್ಯವಾಗಿ ಕಂಡರೂ ರೋಗ ಹೊತ್ತಿರಬಹುದು.

ಗಿರಿರಾಜ ಬಣ್ಣಬಣ್ಣದ ಕೋಳಿ, ಬಿಳಿ ಕೋಳಿಯ ಹಾಗೆ ದೂರಕ್ಕೆ ಎದ್ದು ಕಾಣುವುದಿಲ್ಲ, ಅದು ಒಳ್ಳೆಯದೇ. ಆದರೆ ಮೈಭಾರ. ನಾಟಿ ಕೋಳಿಯ ಹಾಗೆ ಪುರ್ ಅಂತ ಮರ ಹತ್ತಿ ತಪ್ಪಿಸಿಕೊಳ್ಳುವುದಿಲ್ಲ, ಕಾವಿಗೂ ಕೂರುವುದು ಅಪರೂಪ. ಮುಂದೆ ಮನೆಯಲ್ಲೇ ಮರಿ ಮಾಡಿಸುವ ಆಸೆ ಇದ್ದರೆ ನಾಲ್ಕೈದು ನಾಟಿ ಹೇಟೆ ಜೊತೆಗಿರಲಿ.

ತಂದ ಮೇಲೆ ಒಂದು ವಾರ ಗೂಡಿನಿಂದ ಹೊರಗೆ ಬಿಡಲೇಬೇಡಿ, ಇದೇ ಮನೆ ಅಂತ ಅವಕ್ಕೆ ಗೊತ್ತಾಗಬೇಕು. ಆಮೇಲೆ ಕತ್ತಲಾಗಲು ಒಂದು ಗಂಟೆ ಇದೆ ಅನ್ನುವಾಗ ಬಿಟ್ಟು, ಕಾಳು ಗೂಡಿನ ಒಳಗೇ ಹಾಕಿ. ತಾವಾಗೇ ಒಳಗೆ ಬರುತ್ತವೆ. ಬಾಗಿಲು ಹಾಕುವ ಮುಂಚೆ ಎಣಿಸಿ, ದಿನಾ ಎಣಿಸಿ. ನೆಂಟರ ಮನೆಗೆ ಹೋದ ಸಂಜೆ ಈ ಕೆಲಸ ಯಾರದ್ದು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಪ್ರಶ್ನೆ: ಗಿಡುಗ ಹೆದರಲಿ ಅಂತ ಹಳೇ ಸಿ.ಡಿ. ಕಟ್ಟಿದ್ದೇವೆ. ಪ್ರಯೋಜನ ಇದೆಯಾ?

ಉತ್ತರ: ಸ್ವಲ್ಪ ದಿನ ಇರುತ್ತದೆ. ಆಮೇಲೆ ಅದಕ್ಕೂ ಅಭ್ಯಾಸ ಆಗಿ ಸುಮ್ನೆ ಬಂದು ಕೂರುತ್ತದೆ. ಮರಿ ಓಡಾಡುವ ಜಾಗದ ಮೇಲೆ ಹಳೇ ಮೀನಿನ ಬಲೆ ಎಳೆದು ಕಟ್ಟಿ, ಅಲ್ಲಲ್ಲಿ ಅಡಿಕೆ ಸೋಗೆ ಓರೆಯಾಗಿ ನಿಲ್ಲಿಸಿ, ಮರಿಗಳು ನುಗ್ಗಿ ಅವಿತುಕೊಳ್ಳಲು. ಒಂದು ಒಳ್ಳೆಯ ಹುಂಜ ಇದ್ದರೆ ಗಿಡುಗ ಕಂಡ ಕೂಡಲೇ ಅದೇ ಕೂಗಿ ಎಚ್ಚರಿಸುತ್ತದೆ.