ಕೊಟ್ಟಿಗೆ ಪ್ರಶ್ನೋತ್ತರ: ಗಬ್ಬದ ಹಸುಗೆ ಈಗ್ಲೇ ಕ್ಯಾಲ್ಸಿಯಂ ಕುಡಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಜರ್ಸಿ ಕ್ರಾಸ್ ಹಸು, ನಾಲ್ಕನೇ ಸೂಲು, ಇನ್ನೊಂದು ತಿಂಗಳಿಗೆ ಕರು ಹಾಕ್ಬೇಕು. ಹೋದ್ಸಲ ಕರು ಹಾಕಿದ ರಾತ್ರಿನೇ ಮಲಗಿದ್ದು ಏಳ್ಲೇ ಇಲ್ಲ, ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟ್ಲಿ ಹಾಕಿಸಿದ್ಮೇಲೆ ಎದ್ದಿದ್ದು. ಈ ಸಲ ಈಗ್ಲಿಂದ್ಲೇ ದಿನಾ ಕ್ಯಾಲ್ಸಿಯಂ ಟಾನಿಕ್ ಕುಡಿಸ್ಲಾ? (ಮಂಡ್ಯ ಕಡೆಯ ಓದುಗರು)

ಉತ್ತರ: ಬೇಡಿ ಸ್ವಾಮಿ, ಈಗ ಕುಡಿಸಿದ್ರೆ ಉಲ್ಟಾ ಹೊಡೆಯುತ್ತೆ. ಹಸು ಕುತ್ತಿಗೇಲಿ ಪ್ಯಾರಾಥೈರಾಯ್ಡ್ ಅಂತ ಪುಟ್ಟ ಗ್ರಂಥಿಗಳಿವೆ, ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ್ರೆ ಇವು ಬಿಡೋ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತೆ, ವಿಟಮಿನ್ ಡಿ ಮೂಲಕ ಕರುಳಿಂದ್ಲೂ ಜಾಸ್ತಿ ಹೀರಿಸುತ್ತೆ. ಆದ್ರೆ ಹಾಲು ಬತ್ತಿಸಿದ ಟೈಮಲ್ಲಿ ಟಾನಿಕ್, ಲೂಸರ್ನ್ ಸೊಪ್ಪು ಅಂತ ಸುರಿದ್ರೆ ಈ ಗ್ರಂಥಿಗೆ ಕೆಲ್ಸಾನೇ ಇರಲ್ಲ, ಸೋಮಾರಿ ಆಗುತ್ತೆ. ಕರು ಬಿದ್ದ ದಿನ 10 ಲೀಟರ್ ಗಿಣ್ಣು ಹಾಲಲ್ಲೇ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೋಗುತ್ತೆ, ಹಸುವಿನ ರಕ್ತದಲ್ಲಿ ಇರೋದು ಒಟ್ಟು 3 ಗ್ರಾಂ ಅಷ್ಟೇ, ಗ್ರಂಥಿ ಎಚ್ಚೆತ್ತು ಪೂರ್ತಿ ಕೆಲ್ಸಕ್ಕೆ ಇಳಿಯೋಕೆ ಒಂದೆರಡು ದಿನ ಬೇಕು, ಅಷ್ಟ್ರಲ್ಲಿ ಹಸು ಮಲಗಿರುತ್ತೆ. ಹೀಗೆ ಮಲಗೋದಕ್ಕೆ ಹಾಲು ಜ್ವರ ಅಂತಾರೆ ಹೊರತು ಜ್ವರ ಇರೋದೇ ಇಲ್ಲ, ಕಿವಿ ಮುಟ್ಟಿದ್ರೆ ತಣ್ಣಗಿರುತ್ತೆ, ಮೂತಿ ಒಣಗಿ ಕತ್ತನ್ನ ಪಕ್ಕೆಗೆ ತಿರುಗಿಸ್ಕೊಂಡು ಮಲಗುತ್ತೆ. ಜರ್ಸಿಗೆ, ಅದ್ರಲ್ಲೂ ಮೂರನೇ ಸೂಲಿನ ಮೇಲೆ, ಇದು ಜಾಸ್ತಿ.

ಹಾಗಾಗಿ ಈಗ ಒಣ ಹುಲ್ಲು, ಮಿತವಾಗಿ ಹಿಂಡಿ ಕೊಡಿ, ಮಿನರಲ್ ಮಿಕ್ಸ್ಚರ್ ಯಾವ್ದು ಎಷ್ಟು ಅಂತ ನಿಮ್ಮ ಪಶು ವೈದ್ಯರನ್ನ ಕೇಳಿ. ಕ್ಯಾಲ್ಸಿಯಂ ಜೆಲ್ ಕೊಡೋದಿದ್ರೆ ಕರು ಹಾಕಿದ ತಕ್ಷಣ, ಹಸು ನಿಂತಿರುವಾಗ. ಮಲಗಿಬಿಟ್ಟ ಹಸುಗೆ ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಬಾಟ್ಲಿ ನೀವೇ ಹಾಕೋಕೆ ಹೋಗ್ಬೇಡಿ, ಬೇಗ ಓಡಿಸಿದ್ರೆ ಹೃದಯ ನಿಂತೋಗುತ್ತೆ. ಮೊದಲೆರಡು ದಿನ ಕೆಚ್ಚಲು ಪೂರ್ತಿ ಖಾಲಿ ಮಾಡ್ಬೇಡಿ, ಆದ್ರೆ ಕರುಗೆ ಗಿಣ್ಣು ತಪ್ಪಿಸ್ಬೇಡಿ. ಗರ್ಭಕೋಶ ಹಿಂಡೋಕೂ ಕ್ಯಾಲ್ಸಿಯಂ ಬೇಕು, ಅದಕ್ಕೇ ಇಂಥ ಹಸುಗಳಲ್ಲಿ ಕಸ (ಮಾಸು) ಬೀಳೋದೂ ತಡ.

ಪ್ರಶ್ನೆ: ಇವತ್ತೇ ಕರು ಹಾಕುತ್ತೆ ಅಂತ ಗೊತ್ತಾಗೋದು ಹೇಗೆ?

ಉತ್ತರ: ದಿನ ಗೊತ್ತು ಮಾಡೋದು ತಾಯಿ ಅಲ್ಲ, ಹೊಟ್ಟೇಲಿರೋ ಕರು! ಅದರ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಟ್ಟಾಗ ಗಬ್ಬ ಕಾಯ್ತಿದ್ದ ಪ್ರೊಜೆಸ್ಟೆರಾನ್ ಇಳಿದು ಈಸ್ಟ್ರೋಜನ್ ಏರುತ್ತೆ. ಬಾಲದ ಬುಡದ ಎರಡೂ ಕಡೆ ಕೈಯಿಟ್ಟು ನೋಡಿ, ಗಟ್ಟಿ ಇದ್ದ ನಾರು (ಲಿಗಮೆಂಟ್) ಸಡಿಲಾಗಿ ಗುಂಡಿ ಬಿದ್ದಿರುತ್ತೆ. ಥರ್ಮಾಮೀಟರ್ ಇದ್ರೆ ಕೊನೇ ದಿನ ಮೈ ಬಿಸಿ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್ ಇಳಿಯೋದೂ ಕಾಣುತ್ತೆ.

ಪ್ರಶ್ನೆ: ಕರು ಸತ್ತೋದ್ರೆ ಹಸು ಸೊರ ಬಿಡಲ್ಲ (ಹಾಲು ಇಳಿಸಲ್ಲ), ಇಂಜೆಕ್ಷನ್ ಕೊಡ್ಬೋದಾ?

ಉತ್ತರ: ದಿನಾ ಆಕ್ಸಿಟೋಸಿನ್ (ಹಾಲು ಇಳಿಸೋ ಹಾರ್ಮೋನು) ಚುಚ್ಚೋದು ಬೇಡವೇ ಬೇಡ. ಅಭ್ಯಾಸ ಆದ್ರೆ ಅದಿಲ್ದೆ ಸೊರ ಬಿಡೋದೇ ಇಲ್ಲ, ಮೇಲಾಗಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹಾಲಿಗಾಗಿ ಹಸುಗೆ ಹಾನಿ ಆಗೋ ಇಂಜೆಕ್ಷನ್ ಕೊಡೋದು ಅಪರಾಧ. ಬಿಸಿನೀರಲ್ಲಿ ಕೆಚ್ಚಲು ತೊಳೆದು, ಒಂದ್ನಿಮಿಷ ಸವರಿ, ಮುಂದೆ ಬೂಸಾ ಇಟ್ಟು, ದಿನಾ ಅದೇ ಕೈ ಅದೇ ಹೊತ್ತಲ್ಲಿ ಕರೀರಿ, ದೇಹವೇ ಆಕ್ಸಿಟೋಸಿನ್ ಬಿಡುತ್ತೆ.