ಸಮುದ್ರದಡಿ ರೈಲು ಸುರಂಗ ಕೊರೆಯುವಾಗ ನೀರು ಒಳಗೆ ನುಗ್ಗುವುದಿಲ್ಲವೇ?

ನುಗ್ಗುತ್ತದೆ. ಜಪಾನಿನ ಸೈಕಾನ್ ಸುರಂಗದಲ್ಲಿ ನಾಲ್ಕು ಸಲ ದೊಡ್ಡದಾಗಿಯೇ ನುಗ್ಗಿತ್ತು.

ರೈಲಿನ ಕಿಟಕಿಯಿಂದ ಮೀನು ಕಾಣುತ್ತವೆಯೇ ಅಂತಲೂ ಕೇಳಿದ್ದೀರಿ. ಇಲ್ಲ. ಇದು ಸಮುದ್ರದ ತಳದ ಮೇಲೆ ಮಲಗಿಸಿದ ಪೈಪಲ್ಲ, ತಳಕ್ಕಿಂತಲೂ ಕೆಳಗೆ ಬಂಡೆಯೊಳಗೆ ಕೊರೆದ ದಾರಿ. ಸೈಕಾನ್ ಅತಿ ಆಳದ ಜಾಗದಲ್ಲಿ ಸಮುದ್ರ ಮಟ್ಟದಿಂದ 240 ಮೀಟರ್ ಕೆಳಗಿದೆ, ಅದರಲ್ಲಿ ಕೊನೆಯ 100 ಮೀಟರ್ ಬರೀ ಕಲ್ಲು. (ಇಸ್ತಾಂಬುಲ್‌ನ ಮರ್ಮರಾಯ್ ರೈಲು ಸುರಂಗದಂಥ ಕೆಲವು ಕಡೆ ಕಾಂಕ್ರೀಟ್ ಕೊಳವೆಗಳನ್ನು ನೀರಿನಡಿ ಇಳಿಸಿ ಜೋಡಿಸಿದ್ದಾರೆ. ಅದು ಬೇರೆ ಲೆಕ್ಕ.)

ನಮ್ಮೂರು ಮಂಡ್ಯದ ಹತ್ತಿರ. ನಾನು ಚಿಕ್ಕವನಿದ್ದಾಗ ತಾತ ಹೊಲದಲ್ಲಿ ಬಾವಿ ತೋಡಿಸಿದ್ದರು. ಕಲ್ಲು ಬಂದಾಗ ಮದ್ದಿಟ್ಟು ಸಿಡಿಸೋರು. ಒಂದು ದಿನ ಪಕ್ಕದ ಬಿರುಕಿನಿಂದ ಒರತೆ ಚಿಮ್ಮಿತು. ಅವತ್ತು ಮನೆಯಲ್ಲಿ ಪಾಯಸ. ಮಾರನೇ ದಿನದಿಂದ ಆಯಿಲ್ ಎಂಜಿನ್ ಇಟ್ಟು ನೀರು ಎತ್ತಿ ಹಾಕದೆ ಒಂದು ಗುದ್ದಲಿ ಮಣ್ಣೂ ತೆಗೆಯೋಕಾಗಲಿಲ್ಲ. ಸುರಂಗದವರ ಕಷ್ಟವೂ ಇದೇ, ಆದರೆ ಅವರಿಗೆ ಒರತೆ ಸಿಕ್ಕರೆ ಪಾಯಸವಿಲ್ಲ. ಆ ಆಳದಲ್ಲಿ ನೀರಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 24 ಕಿಲೋ, ಮೇಲೆ ಇಡೀ ಸಮುದ್ರ.

ಹಾಗಾಗಿ ಜಪಾನಿನವರು ಮೊದಲು ಒಂದು ಸಣ್ಣ ಸುರಂಗ ಕೊರೆದುಕೊಂಡು ಹೋದರು. ಅದರಿಂದ ಮುಂದಕ್ಕೆ ಉದ್ದುದ್ದ ತೂತು ಹೊಡೆದು ಕಲ್ಲು ಗಟ್ಟಿಯೋ, ಜಲ ಇದೆಯೋ ಅಂತ ನೋಡೋದು. ಆಮೇಲೆ ಸುತ್ತಲಿನ ಬಂಡೆಯ ಬಿರುಕುಗಳಿಗೆ ಸಿಮೆಂಟು, ಸೋಡಿಯಂ ಸಿಲಿಕೇಟ್ ಬೆರೆಸಿದ ಗ್ರೌಟನ್ನು ಒತ್ತಡದಲ್ಲಿ ತುಂಬಿ, ಅದು ಬಿಗಿದ ಮೇಲೆ ಸಿಡಿಸೋದು, ತಕ್ಷಣ ಗೋಡೆಗೆ ಕಾಂಕ್ರೀಟ್ ಎರಚೋದು. ಯಂತ್ರದಿಂದ ಕೊರೆಯಲು ನೋಡಿದ್ದರು, ಆ ಒಡೆದ ಕಲ್ಲಿನಲ್ಲಿ ಆಗಲಿಲ್ಲ. 1964ರಲ್ಲಿ ಶುರುವಾದ ಕೆಲಸ ಮುಗಿದು ರೈಲು ಓಡಿದ್ದು 1988ರ ಮಾರ್ಚ್‌ನಲ್ಲಿ. 53.85 ಕಿ.ಮೀ. ಉದ್ದಕ್ಕೆ 34 ಕೆಲಸಗಾರರ ಪ್ರಾಣ ಹೋಯಿತು. ಇಷ್ಟು ಹಟ ಯಾಕೆಂದರೆ, 1954ರ ಚಂಡಮಾರುತದಲ್ಲಿ, ಈಗ ಸುರಂಗ ಹಾದುಹೋಗುವ ಅದೇ ಜಲಸಂಧಿಯಲ್ಲಿ, ಜನರನ್ನು ದಾಟಿಸುತ್ತಿದ್ದ ತೋಯಾ ಮಾರು ಹಡಗು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು.

ಇಂಗ್ಲೆಂಡ್-ಫ್ರಾನ್ಸ್ ನಡುವಿನ ಚಾನೆಲ್ ಸುರಂಗದವರದು ಪುಣ್ಯ. ಅವರಿಗೆ ಸಿಕ್ಕಿದ್ದು ಜೇಡಿ ಬೆರೆತ ಸುಣ್ಣದಕಲ್ಲಿನ ಪದರ: ಮೆತ್ತಗೆ, ನೀರೂ ಬಿಡದು. ಬೆಂಗಳೂರು ಮೆಟ್ರೋದಲ್ಲಿ ನೋಡಿದ್ದೀರಲ್ಲ, ಅಂಥ ಟಿಬಿಎಂಗಳು (ಸುರಂಗ ಕೊರೆಯುವ ಯಂತ್ರಗಳು) 11 ಬಳಸಿದರು. ಫ್ರಾನ್ಸ್ ಕಡೆ ಬಿರುಕು ಜಾಸ್ತಿ ಇದ್ದಿದ್ದರಿಂದ ಅಲ್ಲಿನ ಯಂತ್ರಗಳು ನೀರಿನ ಒತ್ತಡ ತಡೆಯುವಂತೆ ಮುಚ್ಚಿದ ಮಾದರಿಯವು. ಎರಡೂ ಕಡೆಯಿಂದ ಬಂದವರು 1990ರ ಡಿಸೆಂಬರ್ 1ರಂದು ಸಮುದ್ರದಡಿ ಕೈಕುಲುಕಿದಾಗ ಗುರಿ ತಪ್ಪಿದ್ದು 36 ಸೆಂಟಿಮೀಟರ್ ಅಷ್ಟೇ!

ಇಂಡಿಯಾದಲ್ಲೂ ಬರುತ್ತಿದೆ: ಮುಂಬೈ-ಅಹಮದಾಬಾದ್ ಬುಲೆಟ್ ರೈಲಿನ 21 ಕಿ.ಮೀ. ಸುರಂಗದಲ್ಲಿ 7 ಕಿ.ಮೀ. ಠಾಣೆ ಖಾರಿಯ (ನೆಲದೊಳಗೆ ಚಾಚಿದ ಸಮುದ್ರದ ಕವಲಿನ) ಅಡಿ.

ಎಷ್ಟೇ ಗ್ರೌಟ್ ಮಾಡಿದರೂ ಜಿನುಗುವುದು ನಿಲ್ಲುವುದಿಲ್ಲ. ತಗ್ಗಿಗೆ ಹರಿದು ಬಂದ ನೀರನ್ನು ಪಂಪುಗಳು ಎತ್ತಿ ಹಾಕುತ್ತಲೇ ಇರಬೇಕು. ಕರೆಂಟ್ ಹೋದರೆ? ತ್ರೀ ಫೇಸ್‌ಗಾಗಿ ರಾತ್ರಿಯೆಲ್ಲ ಕಾದ ಮಂಡ್ಯದವನಿಗೆ ಮೊದಲು ಹೊಳೆಯೋದು ಅದೇ. ಚಾನೆಲ್ ಸುರಂಗಕ್ಕೆ ಎರಡೂ ದೇಶಗಳಿಂದ ವಿದ್ಯುತ್ ಲೈನ್ ಇದೆ, ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ಇಡೀ ಸುರಂಗ ನಡೆಯುತ್ತದೆ.