ಭುಜಕ್ಕೆ ಹಗುರ, ಜಿಂಕೆಗೆ ಸಾಕಷ್ಟು

ಪ್ರಶ್ನೆ: ನನ್ನ ಬಳಿ ಲೈಸೆನ್ಸ್ ಇದೆ, ಇಲ್ಲಿ ಜಿಂಕೆ ಬೇಟೆಗೆ ಕಾನೂನಿನ ಅನುಮತಿಯೂ ಇದೆ. ಆದರೆ 30-06 ರೈಫಲ್ ಗುಂಡು ಹಾರಿಸಿದಾಗ ಭುಜಕ್ಕೆ ಒದೆಯುವುದು ತಡೆಯಲಾಗುತ್ತಿಲ್ಲ. ಮೆತ್ತಗಿನ ಕಾರ್ಟ್ರಿಜ್ (ತೋಟಾ) ಯಾವುದು?

ಉತ್ತರ: ಇದರಲ್ಲಿ ನಾಚಿಕೆ ಯಾಕೆ? ನಾನೂ ಒದೆತಕ್ಕೆ ಹೆದರಿ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಗುಂಡೆಲ್ಲ ಗುರಿಯ ಕೆಳಗೇ! 243 ವಿಂಚೆಸ್ಟರ್ ಕಾರ್ಟ್ರಿಜ್‌ನ ರೈಫಲ್ ಹಿಡಿದ ಮೇಲೆ ಸರಿಹೋಯಿತು. 1955ರಲ್ಲಿ ಬಂದ ಈ ಕಾರ್ಟ್ರಿಜ್, 308 ಎಂಬ ಕಾರ್ಟ್ರಿಜ್‌ನ ಕೇಸ್‌ನದೇ (ಲೋಹದ ಕೋಶ) ಕುತ್ತಿಗೆ ಕಿರಿದು ಮಾಡಿದ್ದು. ಒದೆತ 30-06ರ ಅರ್ಧದಷ್ಟು ಅನ್ನಬಹುದು. 95ರಿಂದ 100 ಗ್ರೇನ್‌ನ (ಗುಂಡಿನ ತೂಕದ ಅಳತೆ), ಜಿಂಕೆಗೆಂದೇ ಮಾಡಿದ ಗುಂಡು ಕೊಳ್ಳಿ. 55-60 ಗ್ರೇನ್‌ನವು ಸಣ್ಣ ಪ್ರಾಣಿಗಳಿಗೆ. ಜಿಂಕೆಯಲ್ಲಿ ಆಳಕ್ಕೆ ಇಳಿಯದೆ ಚೂರಾಗಿಬಿಡಬಹುದು. ಭಾರದ ಗುಂಡೇ ಬೇಕೆಂದರೆ 6.5 ಕ್ರೀಡ್‌ಮೂರ್ ಅಥವಾ 7ಎಂಎಂ-08 ಕಾರ್ಟ್ರಿಜ್ ಇದೆ, ಒದೆತ ತುಸು ಜಾಸ್ತಿ ಅಷ್ಟೇ.

ಹೊತ್ತು ತಿರುಗಲು ಸುಲಭ ಅಂತ ತೀರಾ ಹಗುರ ರೈಫಲ್ ಮಾತ್ರ ಬೇಡ. ಅದೇ ಕಾರ್ಟ್ರಿಜ್ ಅದರಲ್ಲಿ ಹೆಚ್ಚು ಒದೆಯುತ್ತದೆ. ರೈಫಲ್‌ನ ಹಿಂಬದಿಗೆ, ಭುಜಕ್ಕೆ ತಾಗುವಲ್ಲಿ, ಮೆತ್ತನೆಯ ರಿಕಾಯಿಲ್ ಪ್ಯಾಡ್ ಹಾಕಿಸಿ. ಇನ್ನೂ ಸಣ್ಣ ಕಾರ್ಟ್ರಿಜ್ ಆದ 223 ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಹಲವು ಕಡೆ ಜಿಂಕೆಗೆ ಅದನ್ನು ಬಳಸುವಂತೆಯೇ ಇಲ್ಲ, ಮೊದಲು ನಿಯಮ ನೋಡಿಕೊಳ್ಳಿ.